ಏಳು ಹೆಸರಿನ ಪ್ರಬಂಧ

ನಮ್ಮ ಕಡೆ ಲಗ್ನ ಮಾಡುವುದಕ್ಕಿಂತ ಲಗ್ನಪತ್ರಿಕೆ ಮಾಡುವುದು ಕಷ್ಟ. ಗಂಡು ಹೆಣ್ಣು ಒಪ್ಪಿದರೆ ಸಂಬಂಧ ಕುದುರುತ್ತದೆ, ಪತ್ರಿಕೆಗೆ ಮಾತ್ರ ಊರೇ ಒಪ್ಪಬೇಕು. ಸೋದರಮಾವನ ಹೆಸರು ದೊಡ್ಡಪ್ಪನ ಹೆಸರಿಗಿಂತ ಒಂದು ಸಾಲು ಮೇಲೆ ಬಿದ್ದರೆ ದೊಡ್ಡಪ್ಪ ಮದುವೆಗೆ ಬರುವುದಿಲ್ಲ. ಬಂದರೂ ಊಟಕ್ಕೆ ಕೂಡುವುದಿಲ್ಲ, ಕೂತರೂ ಹೋಳಿಗೆ ಮುಟ್ಟುವುದಿಲ್ಲ. ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂದು ಕೆಳಗೆ ಸಾಲಾಗಿ ನಿಲ್ಲುವ ಚಿಳ್ಳೆಪಿಳ್ಳೆಗಳಲ್ಲಿ ಒಂದರ ಹೆಸರು ಬಿಟ್ಟುಹೋದರೂ ಸಾಕು, ಅದರ ತಾಯಿ ಆ ಮಗುವಿನ ಮದುವೆಯಾಗುವ ತನಕ ಅದನ್ನೇ ಎತ್ತಿ ಆಡುತ್ತಾಳೆ. ಇಂಥ ಪತ್ರಿಕೆಯನ್ನು ಯಾರ ಮನಸ್ಸೂ ಮುರಿಯದ ಹಾಗೆ ಹೊಂದಿಸುವ ವಿದ್ಯೆ ದಾವಣಗೆರೆಯಲ್ಲಿ ವಿದ್ಯಾನಗರದ ಬಕ್ಕೇಶಪ್ಪ ಮೇಷ್ಟ್ರಿಗೆ ಒಲಿದಿತ್ತು.

ಮೇಷ್ಟ್ರು ಎಂದು ನೆಂಟರು ಕರೆಯುವುದಷ್ಟೇ. ಅವರು ಹರಿಹರದ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ಬೆಳಿಗ್ಗೆ ಬಸ್ಸು ಹಿಡಿದು ಹೋಗುವವರು, ಸಂಜೆ ಬರುವವರು. ಮೃದು ಮನುಷ್ಯ, ಯಾರಿಗೂ ‘ಇಲ್ಲ’ ಎನ್ನಲು ಬಾರದು. ಸೊಪ್ಪಿನವಳು ಬಾಡಿದ ಮೆಂತ್ಯೆ ಕೈಗಿಟ್ಟರೂ ಪಾಪ ಎಂದು ತಂದುಬಿಡುತ್ತಿದ್ದರು. ಸಸ್ಯಶಾಸ್ತ್ರ ಓದಿ ಏನು ಬಂತು ಎಂದು ಹೆಂಡತಿ ಮರುಳಸಿದ್ದಮ್ಮ ಕೇಳಿದರೆ ನಗುತ್ತಿದ್ದರು. ಬಳಗದಲ್ಲಿ ಎಲ್ಲಿ ಲಗ್ನ ಗೊತ್ತಾದರೂ ಪತ್ರಿಕೆಯ ಕರಡು ಮೊದಲು ಅವರ ಮನೆಗೆ ಬರುತ್ತಿತ್ತು. ಕನ್ನಡಕ ಏರಿಸಿ ಪೆನ್ಸಿಲ್ ಹಿಡಿದರೆಂದರೆ ಬಾತಿಯ ಬೀಗರು, ಕೊಂಡಜ್ಜಿಯ ಷಡ್ಡಕರು, ಮುನಿಸಿಕೊಂಡವರು, ಮುನಿಸಿಕೊಳ್ಳಬಹುದಾದವರು ಎಲ್ಲರಿಗೂ ಒಂದೊಂದು ಜಾಗ ಸಿಗುತ್ತಿತ್ತು. ಅವರ ಸಿದ್ಧಾಂತ ಒಂದೇ: “ಹೆಸ್ರು ಹಾಕಿದ್ರೆ ಕಾಗದಕ್ಕೇನೂ ಭಾರ ಆಗಲ್ಲ. ಬಿಟ್ರೆ ಮನಸ್ಸಿಗೆ ಭಾರ ಆಗ್ತೈತೆ.”

ಅವರಿಗೆ ಇನ್ನೂ ಒಂದು ವಿದ್ಯೆ ಗೊತ್ತಿತ್ತು. ಚಿಕ್ಕಪ್ಪ ಹಾಲಸ್ವಾಮಿ ತೀರಿಕೊಂಡಾಗ ಶಿವಗಣಾರಾಧನೆಯ ಫ್ಲೆಕ್ಸಿಗೆ ನೆಟ್ಟಗಿನ ಫೋಟೋ ಸಿಗಲಿಲ್ಲ, ಇದ್ದದ್ದೊಂದು ಮಬ್ಬು. ಅಣ್ಣತಮ್ಮಂದಿರ ಮುಖ ಅಚ್ಚು ಒಂದೇ ಅಲ್ಲವೇ ಎಂದು ಬಕ್ಕೇಶಪ್ಪನವರು ಮಂಡಿಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಫಿರ್ದೌಸ್ ಅವರಿಗೆ ಹೇಳಿ, ಹಾಲಸ್ವಾಮಿಯವರ ತಮ್ಮನ ಫೋಟೋವನ್ನೇ ತುಸು ಓರೆ ಮಾಡಿಸಿ, ಹಣೆಗೆ ವಿಭೂತಿ ಬಳಿಸಿ ಹಾಕಿಸಿದರು. ಆ ತಮ್ಮ ಅದೇ ಫ್ಲೆಕ್ಸಿನ ಕೆಳಗೆ ನಿಂತು ಬಂದವರಿಗೆಲ್ಲ ಕೈಮುಗಿದು ಊಟಕ್ಕೆ ಕರೆಯುತ್ತಿದ್ದ. ಯಾರಿಗೂ ತಿಳಿಯಲಿಲ್ಲ. ಹಾಲಸ್ವಾಮಿಯವರ ಹೆಂಡತಿ ಮಾತ್ರ ಹಾರ ಹಾಕುವಾಗ ಒಂದು ಗಳಿಗೆ ತಡೆದು ಮೈದುನನ ಕಡೆ ನೋಡಿದರು. ನಾಲ್ಕು ಜನರ ಮುಂದೆ ಏನು ಹೇಳುವುದೆಂದು ಹಾರ ಹಾಕಿ ಬಂದರು. ಫೋಟೋವನ್ನು ಯಾರೂ ಸರಿಯಾಗಿ ನೋಡುವುದಿಲ್ಲ ಎಂಬ ಪಾಠವನ್ನು ಬಕ್ಕೇಶಪ್ಪನವರು ಅಂದು ಕಲಿತರು. ಅದು ಕೆಟ್ಟ ಪಾಠ, ಆದರೆ ಅಂದಿಗೆ ಕೆಲಸ ಮಾಡಿತ್ತು.

ಈ ಎರಡು ವಿದ್ಯೆಗಳನ್ನೂ ಅವರು ಕಾಲೇಜಿಗೆ ಬುತ್ತಿಯ ಜೊತೆ ಕಟ್ಟಿಕೊಂಡು ಹೋಗುತ್ತಿದ್ದುದೇ ತೊಂದರೆಯಾಯಿತು. ಪ್ರೊಫೆಸರು ಎಂದಮೇಲೆ ಸಂಶೋಧನಾ ಪ್ರಬಂಧ ಬರೆಯಬೇಕು, ಅವು ಜರ್ನಲ್ಲುಗಳಲ್ಲಿ ಅಚ್ಚಾಗಬೇಕು, ಅಚ್ಚಾದರೆ ಬಡ್ತಿ. ಪ್ರಬಂಧದ ನೆತ್ತಿಯ ಮೇಲೆ ಬರೆದವರ ಹೆಸರುಗಳಿರುತ್ತವೆ. ಬರೆದವರದು ಮಾತ್ರ ಇರಬೇಕು ಎಂಬುದು ಜರ್ನಲ್ಲಿನ ನಿಯಮ. ಬಕ್ಕೇಶಪ್ಪನವರ ಕಣ್ಣಿಗೆ ಅದು ಸುಖಾಗಮನ ಬಯಸುವವರ ಪಟ್ಟಿಯ ಹಾಗೆ ಕಾಣುತ್ತಿತ್ತು. ಬಡ್ತಿ ಬೇಕಾದವರು, ಬಡ್ತಿ ಕೊಡಿಸಬಲ್ಲವರು, ಮುಂದೆಂದಾದರೂ ಕೆಲಸಕ್ಕೆ ಬರುವವರು, ಎಲ್ಲರನ್ನೂ ಸೇರಿಸುತ್ತಿದ್ದರು. ಅವರ ಹೆಸರನ್ನೂ ಬೇರೆಯವರು ಹಾಗೆಯೇ ಸೇರಿಸುತ್ತಿದ್ದರು. ಮದುವೆಯಲ್ಲಿ ಮುಯ್ಯಿ ಇದ್ದ ಹಾಗೆ ಇದೂ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಹೀಗೆ ಮೂವತ್ತು ವರ್ಷಗಳಲ್ಲಿ ಅವರ ಹೆಸರಿದ್ದ ಪ್ರಬಂಧಗಳು ಬೇಕಾದಷ್ಟಾದವು. ಅವುಗಳಲ್ಲಿ ಕೆಲವನ್ನು ಅವರು ಓದಿಯೂ ಇದ್ದರು.

ಅವರ ಬಳಿ ಪಿಎಚ್‌ಡಿಗೆ ಸೇರಿದವಳು ಸಹನಾ. ಕೊಂಡಜ್ಜಿಯ ರೈತರ ಮನೆ ಹುಡುಗಿ. ಮಾತು ಕಡಿಮೆ, ಹಟ ಜಾಸ್ತಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದೆ ರಾಶಿ ಬೀಳುವ ಬೂದಿಯನ್ನು ಮೆಕ್ಕೆಜೋಳದ ಹೊಲಕ್ಕೆ ಹಾಕಿದರೆ ಬೇರಿಗೆ ಏನಾಗುತ್ತದೆ ಎಂಬುದು ಅವಳ ವಿಷಯ. ಭಟ್ಟಿಯವರಲ್ಲಿ ಕೇಳಿ ಬೂದಿಯನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹರಿಹರದ ಬಸ್ಸಿಗೆ ಹತ್ತಿಸುತ್ತಿದ್ದಳು. ಚೀಲ ಇಳಿಸು ಎಂದು ಕಂಡಕ್ಟರ್ ಬಯ್ಯುತ್ತಿದ್ದ, ಬೈಸಿಕೊಂಡೇ ತರುತ್ತಿದ್ದಳು. ಕಾಲೇಜಿನ ಹಿತ್ತಲಲ್ಲಿ ಕುಂಡಗಳನ್ನು ಸಾಲಾಗಿ ಇಟ್ಟು, ಬೇರೆ ಬೇರೆ ಅಳತೆಯಲ್ಲಿ ಬೂದಿ ಬೆರೆಸಿ, ಗಿಡ ಬೆಳೆದಮೇಲೆ ಬೇರು ತೊಳೆದು, ಕರಿ ಬಟ್ಟೆಯ ಮೇಲೆ ಹಾಸಿ ಫೋಟೋ ತೆಗೆದಳು. ಒಂದು ಸಲ ಕಂಡದ್ದನ್ನು ನಂಬದೆ ಮತ್ತೆರಡು ಹಂಗಾಮು ಅದನ್ನೇ ಮಾಡಿದಳು. ಕೊನೆಗೆ ತಿಳಿದದ್ದು ಇಷ್ಟು: ಹದವಾಗಿ ಬೂದಿ ಹಾಕಿದರೆ ಬೇರು ಚೆನ್ನಾಗಿ ಹರಡುತ್ತದೆ, ಅತಿಯಾದರೆ ಮೊಟಕಾಗುತ್ತದೆ.

ಅವಳು ಬರೆದ ಪ್ರಬಂಧದ ಮೇಲೆ ಎರಡೇ ಹೆಸರಿದ್ದವು, ಅವಳದು ಮತ್ತು ಗೈಡ್ ಎಂದು ಬಕ್ಕೇಶಪ್ಪನವರದು. ಅದನ್ನು ನೋಡಿ ಅವರಿಗೆ ಬೀಗರಿಲ್ಲದ ಮದುವೆ ನೋಡಿದಂತಾಯಿತು. ಹಿತ್ತಲು ಬಳಸಲು ಬಿಟ್ಟ ಆಡಳಿತ ಮಂಡಳಿಯ ಕಾರ್ಯದರ್ಶಿ ಶಿವಯೋಗಪ್ಪನವರನ್ನು ಬಿಡಲಾದೀತೇ? ಅಕ್ಕಿ ಗಿರಣಿಯ ಧಣಿ, ಸಸ್ಯಗಳಲ್ಲಿ ಅವರಿಗೆ ಗೊತ್ತಿದ್ದದ್ದು ಭತ್ತವೊಂದೇ. ಅವರು ಮೊದಲು. ಆಮೇಲೆ ಪ್ರಾಂಶುಪಾಲ ಕೊಟ್ರೇಶ್. ಆಮೇಲೆ ತಾವು. ಬಡ್ತಿಗೆ ಇನ್ನೊಂದೇ ಪ್ರಬಂಧ ಬೇಕಾಗಿದ್ದ ಸಹೋದ್ಯೋಗಿ ಆಶಾರಾಣಿ. ಹಳೆಯ ಮುಯ್ಯಿ ತೀರಿಸಲು ಬೇರೆ ಊರುಗಳ ಇಬ್ಬರು ಮಿತ್ರರು. ಎಲ್ಲರಿಗಿಂತ ಕಿರಿಯಳು ಎಂದು ಸಹನಾಳನ್ನು ಕೊನೆಗೆ, ‘ಮಾಮನ ಮದುವೆಗೆ ಬನ್ನಿ’ ಎನ್ನುವ ಮಕ್ಕಳ ಜಾಗದಲ್ಲಿ ಇಟ್ಟರು. ಒಟ್ಟು ಏಳು. ಪತ್ರವ್ಯವಹಾರದ ತಲೆನೋವು ತಮಗೇಕೆಂದು ಅವಳದೇ ಇಮೇಲ್ ಕೊಟ್ಟರು.

ಹೀಗೆ ಹೊಂದಿಸಿದ ಪ್ರಬಂಧವನ್ನು ಜರ್ನಲ್ಲಿನವರು ಕೇಳುವ ಅಳತೆಗೆ ಕೂರಿಸಲು ಫಿರ್ದೌಸ್ ಅವರ ಅಂಗಡಿಗೆ ಒಯ್ದರು. ಒಂದು ಫೋಟೋ ಮಬ್ಬಾಗಿದೆ ಎಂದು ಫಿರ್ದೌಸ್ ತೋರಿಸಿದರು. ಅತಿಯಾಗಿ ಬೂದಿ ಹಾಕಿದ ಕುಂಡದ ಬೇರು ಅದು. ಪಕ್ಕದ ಕುಂಡದ ಫೋಟೋ ಕನ್ನಡಿಯ ಹಾಗಿತ್ತು. ಬೇರಿಗೂ ಬೇರಿಗೂ ಏನು ಮಹಾ ವ್ಯತ್ಯಾಸ ಎಂದು ಬಕ್ಕೇಶಪ್ಪನವರು ಅದನ್ನೇ ಸ್ವಲ್ಪ ತಿರುಗಿಸಿ ಇಲ್ಲಿಯೂ ಕೂರಿಸಲು ಹೇಳಿ, ಚಹಾ ಕುಡಿದು ಮನೆಗೆ ಹೋದರು.

ಪ್ರಬಂಧ ಒಳ್ಳೆಯ ಜರ್ನಲ್ಲಿನಲ್ಲೇ ಅಚ್ಚಾಯಿತು. ಕಾಲೇಜಿನಲ್ಲಿ ಸನ್ಮಾನ ನಡೆಯಿತು. ಪೇಟ, ಶಾಲು, ಹಾರ, ಬೆಣ್ಣೆದೋಸೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಇಲ್ಲಿ ಯಾರದೋ ಬೂದಿ. ಶಿವಯೋಗಪ್ಪನವರು ಮೈಕು ಹಿಡಿದು ತಮ್ಮ ಸಂಶೋಧನೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು, ಅದು ಯಾವ ಬೆಳೆಯ ಮೇಲೆ ನಡೆದದ್ದು ಎಂಬುದೊಂದನ್ನು ಬಿಟ್ಟು. ಫ್ಲೆಕ್ಸಿನಲ್ಲಿ ಎಲ್ಲರ ಫೋಟೋ ಇತ್ತು. ಜಾಗ ಸಾಲದೆ ಸಹನಾಳದು ಬಿಟ್ಟುಹೋಗಿತ್ತು. ಅವಳು ದೋಸೆಯ ತಟ್ಟೆ ಹಂಚುತ್ತಿದ್ದಳು.

ಅಚ್ಚಾದ ದಿನವೇ ಅವಳು ಆ ಬೇರಿನ ಚಿತ್ರ ಕಂಡಿದ್ದಳು. ಮೇಷ್ಟ್ರ ಹತ್ತಿರ ಹೋಗಿ ಒಂದು ಚಿತ್ರ ಅದಲು ಬದಲಾದಂತಿದೆ, ಜರ್ನಲ್ಲಿಗೆ ತಿಳಿಸೋಣವೇ ಎಂದು ನೆಲ ನೋಡುತ್ತ ಕೇಳಿದಳು. ಯಾರು ನೋಡುತ್ತಾರೆ ಬಿಡವ್ವ ಎಂದರು ಅವರು. ಗೈಡ್ ಹೇಳಿದಮೇಲೆ ಮುಗಿಯಿತು.

ನೋಡುವವರೊಬ್ಬರು ಎಲ್ಲೋ ಇದ್ದರು. ಕೆಲವು ತಿಂಗಳ ಮೇಲೆ ಜರ್ನಲ್ಲಿನಿಂದ ಸಹನಾಳಿಗೆ ಇಮೇಲ್ ಬಂತು. ಅದು ವಿದೇಶದ ಜರ್ನಲ್ಲು, ಆ ಕಡೆಯವರ ಪದ್ಧತಿಯಲ್ಲಿ ಕೊನೆಯ ಹೆಸರು ಇಡೀ ಕೆಲಸದ ಯಜಮಾನರದಂತೆ. ಹಾಗಾಗಿ ‘ಮಾನ್ಯ ಪ್ರೊಫೆಸರ್ ಸಹನಾ ಅವರಿಗೆ’ ಎಂದೇ ಶುರುವಾಗಿತ್ತು. ಎರಡು ಕುಂಡಗಳ ಹೆಸರಿನಲ್ಲಿ ಒಂದೇ ಬೇರಿದೆ, ಒಂದನ್ನು ತಿರುಗಿಸಲಾಗಿದೆ, ಅಂಕಿಗೂ ಚಿತ್ರಕ್ಕೂ ತಾಳೆಯಿಲ್ಲ ಎಂದು ಓದುಗರೊಬ್ಬರು ತಿಳಿಸಿದ್ದಾರೆ. ಏಳೂ ಜನ ತಾವು ಏನು ಕೆಲಸ ಮಾಡಿದಿರಿ, ಚಿತ್ರ ಹೇಗೆ ಬದಲಾಯಿತು ಎಂದು ತಿಳಿಸಬೇಕು, ತಿಂಗಳೊಳಗೆ ಸಮಾಧಾನದ ಉತ್ತರ ಬಾರದಿದ್ದರೆ ಪ್ರಬಂಧವನ್ನು ರದ್ದು ಮಾಡಲಾಗುತ್ತದೆ. ಸಹನಾಳ ವಿಶ್ವವಿದ್ಯಾಲಯದ ನಿಯಮದಲ್ಲಿ ಪ್ರಬಂಧ ಅಚ್ಚಾಗದೆ ಪಿಎಚ್‌ಡಿ ಇಲ್ಲ. ರದ್ದಾದ ಪ್ರಬಂಧವಿದ್ದವಳಿಗೆ ಪಿಎಚ್‌ಡಿ ಮಾತ್ರವಲ್ಲ, ಮುಂದೆ ಯಾವ ಕಾಲೇಜಿನ ಬಾಗಿಲೂ ಇಲ್ಲ.

ಆಗ ನೋಡಬೇಕಿತ್ತು ಬಕ್ಕೇಶಪ್ಪನವರ ಮನೆಯನ್ನು. ಹೆಸರು ಸೇರಿಸಿ ಎಂದು ಬರುವವರನ್ನು ಅವರು ಜೀವಮಾನವಿಡೀ ಕಂಡಿದ್ದರು, ಹೆಸರು ತೆಗೆಯಿರಿ ಎಂದು ಬಂದವರನ್ನು ಕಂಡದ್ದು ಇದೇ ಮೊದಲು. ಆಶಾರಾಣಿ ಬಂದು, ತಾನು ಕೇಳಿದ್ದು ಬೇರೆ ಪ್ರಬಂಧಕ್ಕೆ, ಇದಕ್ಕಲ್ಲ ಎಂದು ಕಣ್ಣೊರೆಸಿಕೊಂಡರು. ಬೇರೆ ಊರಿನ ಮಿತ್ರರಿಬ್ಬರೂ ತಮಗೆ ಮೆಕ್ಕೆಜೋಳವೇ ಗೊತ್ತಿಲ್ಲ ಎಂದು ಫೋನು ಇಟ್ಟರು. ಶಿವಯೋಗಪ್ಪನವರಂತೂ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿ ಇಳಿಸಿ, “ನನ್ನ ಕೇಳ್ದಂಗೆ ನನ್ನ ಹೆಸ್ರು ಯಾಕ್ರಿ ಹಾಕಿದ್ರಿ ಮೇಷ್ಟ್ರೆ?” ಎಂದರು. ಪೇಟ, ಶಾಲು, ಮೈಕು ಯಾವುದೂ ಅವರಿಗೆ ನೆನಪಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರು ಸೋತೆತ್ತಿನ ಹಗ್ಗವನ್ನೂ ಮುಟ್ಟುವುದಿಲ್ಲ.

ದಾರಿ ಹುಡುಕಿದವರು ಪ್ರಾಂಶುಪಾಲ ಕೊಟ್ರೇಶ್. ಹುಡುಗಿ ಒಬ್ಬಳೇ ಬರೆದುಕೊಡಲಿ: ಫೋಟೋ ತನ್ನ ಕೈತಪ್ಪಿನಿಂದ ಬದಲಾಯಿತು, ಉಳಿದವರಿಗೆ ಏನೂ ತಿಳಿಯದು ಎಂದು. ಹುಡುಗರ ತಪ್ಪನ್ನು ದೊಡ್ಡವರು ಮನ್ನಿಸುತ್ತಾರೆ ಎಂದು ಸಮಾಧಾನ ಹೇಳಿದರು. ಮನ್ನಿಸದಿದ್ದರೆ ಅವಳ ಓದು ಏನಾಗಬೇಕು ಎಂಬುದನ್ನು ಹೇಳಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಮೊಸರನ್ನು ತಿಂದ ಕೋತಿ ಯಾವುದೆಂದು ಬಕ್ಕೇಶಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಕೊಟ್ರೇಶರಿಗೆ ‘ಇಲ್ಲ’ ಎನ್ನಬೇಕೆಂದು ಬಾಯಿ ತೆರೆದರು. ಅಭ್ಯಾಸವಿಲ್ಲದ ಮಾತು, ಹೊರಗೆ ಬರಲಿಲ್ಲ. ನೋಡೋಣ ಎಂದರು. ಕೊಟ್ರೇಶರು ಅದನ್ನು ಹೂಂ ಎಂದು ತಿಳಿದುಕೊಂಡರು.

ಮಾರನೆಯ ದಿನ ಕಾಲೇಜಿನ ಹಿತ್ತಲಲ್ಲಿ ಸಹನಾ ಸಿಕ್ಕಳು. ಖಾಲಿ ಕುಂಡಗಳನ್ನು ತೊಳೆದು ಒಂದರ ಮೇಲೊಂದು ಪೇರಿಸುತ್ತಿದ್ದಳು, ಮನೆ ಖಾಲಿ ಮಾಡುವವರ ಹಾಗೆ. ಕೈ ಒರೆಸಿಕೊಂಡು ಒಂದು ಹಾಳೆ ಕೊಟ್ಟಳು.

“ಪ್ರಿನ್ಸಿಪಾಲ್ ಸರ್ ಹೇಳ್ದಂಗೆ ಬರ್ದೀನಿ ಸರ್. ಇಂಗ್ಲಿಷ್ ತಪ್ಪಿದ್ರೆ ತಿದ್ದಿಕೊಡ್ರಿ.”

ಫೋಟೋ ಬದಲಿಸಿದವರು ಯಾರೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು. ಬಕ್ಕೇಶಪ್ಪನವರು ಅಭ್ಯಾಸಬಲದಿಂದ ಕನ್ನಡಕ ಏರಿಸಿ ಪೆನ್ಸಿಲ್ ತೆಗೆದು, ಒಂದು ಕಡೆ ಅಲ್ಪವಿರಾಮ ಹಾಕಿದರು, ಒಂದು ಕಾಗುಣಿತ ತಿದ್ದಿದರು. ತಿದ್ದುತ್ತ ತಿದ್ದುತ್ತ ಹಾಳೆಯ ಬುಡಕ್ಕೆ ಬಂದರು. ಅಲ್ಲಿ ಸಹನಾಳ ಹೆಸರು ಒಂದೇ ಇತ್ತು. ಅವರ ಕಣ್ಣು ತಾನಾಗಿಯೇ ಅದರ ಮೇಲೆ ಕೆಳಗೆ ಹುಡುಕಿತು. ಬಾಯಿಯೂ ತಾನಾಗಿಯೇ ಕೇಳಿತು.

“ಉಳಿದೋರ ಹೆಸ್ರು?”

“ಇದಕ್ಕೆ ಯಾರ ಹೆಸ್ರೂ ಬ್ಯಾಡ ಅಂದ್ರು ಸರ್.”

ಅವಳು ವ್ಯಂಗ್ಯವಾಗಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿ ಕುಂಡಗಳ ಕಡೆ ತಿರುಗಿದಳು. ಚೀಲ ಹೊತ್ತವಳು ಅವಳು, ಕಂಡಕ್ಟರಿಂದ ಬೈಸಿಕೊಂಡವಳು ಅವಳು, ಬೇರು ತೊಳೆದವಳು, ಅಳೆದವಳು, ಬರೆದವಳು ಅವಳು. ಅದಕ್ಕೆಲ್ಲ ಏಳು ಹೆಸರು. ಅವಳು ಮಾಡದೇ ಇದ್ದ ಒಂದೇ ಒಂದು ಕೆಲಸಕ್ಕೆ ಅವಳೊಬ್ಬಳದೇ ಹೆಸರು. ಮೂವತ್ತು ವರ್ಷ ಹೆಸರು ಹೊಂದಿಸಿದ ಮನುಷ್ಯನಿಗೆ ಇಂಥ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದು ಆ ಹಿತ್ತಲಲ್ಲಿ ತಿಳಿಯಿತು. ನಾಚಿಕೆಯೂ ಆಯಿತು, ಭಯವೂ ಆಯಿತು. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಇದು ನನ್ನ ಹತ್ತಿರ ಇರಲಿ, ನೀನು ಏನೂ ಕಳಿಸಬೇಡ, ಆ ಮಬ್ಬು ಫೋಟೋ ಇದ್ದರೆ ಕೊಡು ಎಂದರು. ಅದು ಅವಳ ಫೋನಿನಲ್ಲಿಯೇ ಇತ್ತು. ಮಬ್ಬಾಗಿದ್ದರೂ ಬೇರು ಮೊಟಕಾಗಿದ್ದದ್ದು ಎದ್ದು ಕಾಣುತ್ತಿತ್ತು. ಅವರು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ಅಂದು ಸಂಜೆ ಉತ್ತರ ಬರೆಯಲು ಕೂತರು. ಏಳು ಜನ ಏನು ಮಾಡಿದರು ಎಂದು ಒಬ್ಬೊಬ್ಬರಾಗಿ ಬರೆಯಬೇಕು. ಪದವಿ ಹಚ್ಚಿ ಹೆಸರು ಬರೆದು ಅಭ್ಯಾಸವಿದ್ದ ಕೈಗೆ ಹೆಸರಿನ ಮುಂದೆ ಕೆಲಸ ಬರೆಯುವುದು ಬಹಳ ತ್ರಾಸಾಯಿತು. ಶಿವಯೋಗಪ್ಪನವರು ಹಿತ್ತಲ ಗೇಟಿನ ಬೀಗದ ಕೈ ಕೊಟ್ಟರು. ಕೊಟ್ರೇಶರು ಒಂದು ಅರ್ಜಿಗೆ ಸಹಿ ಹಾಕಿದರು. ಆಶಾರಾಣಿಯವರು ಹೆಸರು ಸೇರಿಸಿ ಎಂದು ಕೇಳಿದರು. ಮಿತ್ರರಿಬ್ಬರು ಕೇಳಲೂ ಇಲ್ಲ, ನಾನೇ ಸೇರಿಸಿದೆ. ಉಳಿದ ಎಲ್ಲ ಕೆಲಸವನ್ನೂ ಸಹನಾ ಮಾಡಿದಳು. ನಾನು ಒಂದು ಫೋಟೋವನ್ನು ಅವಳಿಗೆ ತಿಳಿಸದೆ ಬದಲಿಸಿದೆ, ಅವಳು ತೋರಿಸಿದಾಗ ಸುಮ್ಮನಿರಿಸಿದೆ. ಇಷ್ಟು ಬರೆದು, ನಿಜವಾದ ಫೋಟೋವನ್ನು ಜೊತೆಗಿಟ್ಟು, ಉಳಿದ ಆರೂ ಜನರಿಗೆ ಪ್ರತಿ ಹೋಗುವಂತೆ ಕಳಿಸಿಬಿಟ್ಟರು. ಕಳಿಸಿದಮೇಲೆ ಮರುಳಸಿದ್ದಮ್ಮ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಆಮೇಲಿನದನ್ನು ಊಹಿಸಬಹುದು. ವಿಶ್ವವಿದ್ಯಾಲಯ ಅವರಿಂದ ಗೈಡ್ ಪದವಿ ಕಿತ್ತುಕೊಂಡಿತು. ಕಾಲೇಜಿನಲ್ಲಿ ಅವರನ್ನು ಎಲ್ಲ ಸಮಿತಿಗಳಿಂದಲೂ ಬಿಡಿಸಲಾಯಿತು. ಅಷ್ಟು ಸಮಿತಿಗಳಲ್ಲಿ ತಮ್ಮ ಹೆಸರಿತ್ತೆಂಬುದೇ ಅವರಿಗೆ ಆಗ ತಿಳಿದದ್ದು. ಹೆಚ್ಚು ನೋವಾದದ್ದು ಬೇರೆ. ಶಿವಯೋಗಪ್ಪನವರು ದೂರದ ಬೀಗರೂ ಆಗಿದ್ದರಿಂದ ಸುದ್ದಿ ಬಳಗದಲ್ಲೆಲ್ಲ ಹಬ್ಬಿ, ಲಗ್ನಪತ್ರಿಕೆಗಳ ಕರಡು ಬರುವುದು ನಿಂತುಹೋಯಿತು. ಮೇಷ್ಟ್ರ ಕೈಗೆ ಕೊಟ್ಟರೆ ಈ ಚಿಕ್ಕಪ್ಪ ಮದುವೆಗೆ ಏನು ಮಾಡಿದ್ದಾನೆ ಎಂದು ಕೇಳಿಬಿಡುತ್ತಾರೆ ಎಂದು ಜನ ಹೆದರಿದರು. ಹೆದರಿದ್ದು ನ್ಯಾಯವೇ.

ಜರ್ನಲ್ಲಿನವರು ಬಹಳ ಯೋಚಿಸಿ ಪ್ರಬಂಧವನ್ನು ಉಳಿಸಿಕೊಂಡರು. ಅಂಕಿಗಳು ಸರಿಯಿದ್ದವು, ನಿಜವಾದ ಫೋಟೋ ಅವಕ್ಕೆ ತಾಳೆಯಾಯಿತು. ಐವರು ಬರೆದು ಕೇಳಿಕೊಂಡು ಹೆಸರು ತೆಗೆಸಿಕೊಂಡರು, ಆರನೆಯವರಾಗಿ ಬಕ್ಕೇಶಪ್ಪನವರೂ. ಮಬ್ಬು ಬೇರಿನೊಂದಿಗೆ ಪ್ರಬಂಧ ಸಹನಾಳೊಬ್ಬಳ ಹೆಸರಿನಲ್ಲಿ ನಿಂತಿತು. ಬೇರೊಬ್ಬ ಗೈಡ್ ಅವಳನ್ನು ವಹಿಸಿಕೊಂಡು ಅವಳ ಪಿಎಚ್‌ಡಿ ದಡ ಮುಟ್ಟಿಸಿದರು. ಭಟ್ಟಿ ಬೂದಿಯ ಬಗ್ಗೆ ರೈತರಿಗೆ ಹೇಳಲು ಕೃಷಿ ಇಲಾಖೆಯವರು ಅವಳನ್ನು ದಾವಣಗೆರೆಗೆ ಕರೆಸಿದರು. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಬಕ್ಕೇಶಪ್ಪನವರಿಗೆ ಶಿವಯೋಗಪ್ಪನವರ ಫೋನು ಬಂತು. ಹಳೆಯದನ್ನೆಲ್ಲ ಮರೆತಿದ್ದೇನೆ ಎಂದರು. ತೆಗೆದ ಹೆಸರನ್ನು ವಾಪಸ್ ಹಾಕಿಸಲು ಬರುತ್ತದೆಯೇ ಎಂದು ವಿಚಾರಿಸಿದರು. ಬಕ್ಕೇಶಪ್ಪನವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಈ ಸಲ ಸಲೀಸಾಗಿ ಬಂತು.

ಮಾರನೆಯ ದಿನವೇ ಸಹನಾ ಮನೆಗೆ ಬಂದಳು. ಒಂದು ಚೀಲ ಎಳೆ ಮೆಕ್ಕೆಜೋಳದ ತೆನೆ ತಂದಿದ್ದಳು. ಜರ್ನಲ್ಲಿನ ಹಾಳೆಗಳನ್ನು ಅಚ್ಚುಹಾಕಿಸಿ ತಂದು ಟೀಪಾಯಿಯ ಮೇಲಿಟ್ಟು, ಚಹಾ ಕುಡಿದು, ಇಬ್ಬರ ಕಾಲಿಗೂ ನಮಸ್ಕರಿಸಿ ಹೋದಳು. ಮರುಳಸಿದ್ದಮ್ಮ ಹಾಳೆಗಳನ್ನು ಎತ್ತಿಕೊಂಡು ತಿರುವಿದರು. ಇಂಗ್ಲಿಷಿನಲ್ಲಿ ಗಂಡನ ಹೆಸರನ್ನು ಗುರುತಿಸುವಷ್ಟು ಅವರಿಗೆ ಬರುತ್ತಿತ್ತು. ಪ್ರಬಂಧದ ಮೇಲೆ ಆ ಹೆಸರು ಕಾಣಲಿಲ್ಲ. ಕೊನೆಯ ಹಾಳೆಯಲ್ಲಿ ಚಿಕ್ಕದೊಂದು ತಿದ್ದುಪಡಿ ಸೂಚನೆಯಿತ್ತು. ಇಂಥ ಚಿತ್ರವನ್ನು ಇಂಥವರು ಬದಲಿಸಿದ್ದರು ಎಂದು ನಾಲ್ಕು ಸಾಲು. ಅದರೊಳಗೆ ಹೆಸರು ಸಿಕ್ಕಿತು. ಮೇಲೆ ಯಾರೂ ಇರಲಿಲ್ಲ, ಕೆಳಗೆ ಯಾರೂ ಇರಲಿಲ್ಲ.

“ಇಷ್ಟು ವರ್ಷದಾಗೆ ನಿಮ್ಮೊಬ್ಬರದೇ ಹೆಸ್ರು ಬಂದಿದ್ದು ನಾನು ನೋಡೇ ಇಲ್ಲ,” ಎಂದರು ಅವರು ಹಿಗ್ಗಿನಿಂದ. “ಇದನ್ನ ನೀವೊಬ್ಬರೇ ಮಾಡೀರಾ?”

ಬಕ್ಕೇಶಪ್ಪನವರು ತೆನೆಯ ಸಿಪ್ಪೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಹೂಂ,” ಎಂದರು. “ಇದೊಂದನ್ನ ನಾನೇ ಮಾಡಿದ್ದು.”